ರಗ್ಗು ಹೊದಿಸಿ ಬಂದ ಮೇಲೆ, ಮರುದಿನ ಏನು?

ಪ್ರಶ್ನೆ: ನಾನು ದಾವಣಗೆರೆಯ ಒಂದು ಶಾಲೆಯಲ್ಲಿ ಟೀಚರ್. ನಮ್ಮ ಚರ್ಚಿನ ಯುವಜನರ ಗುಂಪಿನಲ್ಲಿ ಹತ್ತು ಹನ್ನೆರಡು ಜನ ಇದ್ದೇವೆ. ಆಗಮನ ಕಾಲ (ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ವಾರ) ಶುರುವಾದಾಗಿಂದ ಕ್ರಿಸ್ಮಸ್ ಮುಗಿಯುವ ತನಕ ವಾರಕ್ಕೆ ಎರಡು ರಾತ್ರಿ ರೈಲ್ವೆ ಸ್ಟೇಷನ್, ಬಸ್ ಸ್ಟ್ಯಾಂಡ್, ಮಂಡಿಪೇಟೆ ಕಡೆ ಹೋಗಿ ಹೊರಗೆ ಮಲಗುವವರಿಗೆ ರಗ್ಗು, ಚಿತ್ರಾನ್ನ, ಚಹಾ ಕೊಡುತ್ತೇವೆ. ಕಳೆದ ಸಲ ನಡೆದ ಕೆಲವು ಸಂಗತಿ ಮನಸ್ಸಿನಿಂದ ಹೋಗುತ್ತಿಲ್ಲ. ರಗ್ಗು ಕೊಟ್ಟ ಮೂರನೇ ದಿನಕ್ಕೇ ಹಲವರ ಹತ್ತಿರ ರಗ್ಗು ಇರಲಿಲ್ಲ. ಮಾರಿ ಕುಡಿದಿದ್ದಾರೆ ಅಂತ ನಮ್ಮವರೇ ಅಂದರು. ಒಬ್ಬ ಅಜ್ಜನನ್ನು ಆಶ್ರಯ ಕೇಂದ್ರಕ್ಕೆ ಹೋಗೋಣ ಬನ್ನಿ ಅಂದರೆ ಕೈಗೆ ಕಲ್ಲು ತಗೊಂಡರು. ಇನ್ನೊಬ್ಬರು ತೊದಲುತ್ತಾ ಮಲಗಿದ್ದರು, ಹೆಂಡದ ವಾಸನೆ ಇತ್ತು. ಹೊದಿಸಿ ಬಂದೆವು. ಬೆಳಗ್ಗೆ ಯಾರೋ 108ಕ್ಕೆ ಫೋನ್ ಮಾಡಿದರಂತೆ. ಲಕ್ವಾ ಹೊಡೆದಿತ್ತು ಅಂತ ಆಮೇಲೆ ಗೊತ್ತಾಯಿತು. ಚಳಿಗೆ ಒಂದು ಗುಟುಕು ಬ್ರಾಂದಿ ಕೊಟ್ಟರೆ ತಪ್ಪಿಲ್ಲ ಅಂತ ಹಿರಿಯರೊಬ್ಬರು ಹೇಳುತ್ತಾರೆ. ನಿಜವಾ? ರಗ್ಗಿನ ಜೊತೆ ಶುಭಸಂದೇಶದ, ಅಂದರೆ ಯೇಸುವಿನ ಬದುಕು ಬೋಧನೆಯ, ಚಿಕ್ಕ ಪುಸ್ತಕ ಕೊಡಬೇಕು ಅಂತ ಗುಂಪಿನಲ್ಲಿ ಕೆಲವರ ಆಸೆ. ಆದರೆ ಒಂದು ರಾತ್ರಿ ಇಬ್ಬರು ಹುಡುಗರು ಬೈಕ್ ನಿಲ್ಲಿಸಿ, ನಮ್ಮ ವಿಡಿಯೋ ಮಾಡಿ, ಮತಾಂತರ ಮಾಡ್ತೀರಾ ಅಂತ ಗದರಿಸಿದರು. ಈ ವರ್ಷ ಹೋಗಬೇಕಾ ಬೇಡವಾ ಅಂತಲೇ ಅನುಮಾನ ಬಂದಿದೆ.

ಉತ್ತರ: ಹೋಗಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಹೋದ ವರ್ಷ ಹೋದ ಹಾಗೇ ಹೋಗಬೇಡಿ.

ನೀವು ಕೇಳಿರುವುದು ಐದಾರು ಪ್ರಶ್ನೆ. ಎಲ್ಲದರ ಹಿಂದೆ ಇರುವ ಅಳುಕು ಒಂದೇ ಅನಿಸುತ್ತದೆ. ನಮ್ಮಿಂದ ಆ ಜನಕ್ಕೆ ನಿಜವಾಗಿ ಏನಾದರೂ ಉಪಯೋಗ ಆಗುತ್ತಿದೆಯಾ, ಇಲ್ಲಾ ಡಿಸೆಂಬರ್‌ನಲ್ಲಿ ನಮ್ಮ ಸಮಾಧಾನಕ್ಕೆ ಮಾಡುತ್ತಿದ್ದೇವಾ ಅನ್ನುವುದು. ನಾನು ಸಮುದಾಯ ಆರೋಗ್ಯದ ವೈದ್ಯ. ಕ್ಯಾಶುವಾಲ್ಟಿಯಲ್ಲಿ ಬಹಳ ವರ್ಷ ರಾತ್ರಿ ಪಾಳಿ ಮಾಡಿದ್ದೇನೆ. ಬೀದಿಯಿಂದ ಬಂದವರನ್ನು "ಅಪರಿಚಿತ, ಗಂಡು, ವಯಸ್ಸು ಸುಮಾರು 50" ಅಂತ ಕೇಸ್ ಶೀಟಿನಲ್ಲಿ ಬರೆದುಕೊಂಡವನು. ಅಲ್ಲಿಂದ ನೋಡಿದರೆ ನಿಮ್ಮ ರಗ್ಗಿಗಿಂತ ನಿಮ್ಮ ಕಣ್ಣಿಗೆ ಬೆಲೆ ಜಾಸ್ತಿ. ರಾತ್ರಿ ಹತ್ತೂವರೆಗೆ ಫುಟ್‌ಪಾತಿನ ಮೇಲೆ ಕುಕ್ಕರಗಾಲಲ್ಲಿ ಕೂತು ಒಬ್ಬ ಮನುಷ್ಯನ ಮುಖ ನೋಡಿ ಮಾತಾಡಿಸುವವರು ಊರಲ್ಲಿ ಎಷ್ಟು ಜನ ಇದ್ದಾರೆ ಹೇಳಿ. ರಾತ್ರಿ ನೀವು ಕಂಡದ್ದು ಮರುದಿನ ಹನ್ನೊಂದು ಗಂಟೆಗೆ ಆಸ್ಪತ್ರೆಯ ಓಪಿಡಿ ತಲುಪಿದರೆ ಜೀವ ಉಳಿಯುತ್ತದೆ. ತಲುಪದಿದ್ದರೆ ರಗ್ಗು ರಗ್ಗೇ.

ಮೊದಲು ಲಕ್ವಾ ಹೊಡೆದವರ ವಿಷಯ, ಯಾಕೆಂದರೆ ಅದೇ ನಿಮ್ಮನ್ನು ಜಾಸ್ತಿ ಕೊರೆಯುತ್ತಿದೆ. ಹೆಂಡದ ವಾಸನೆ ರೋಗದ ಹೆಸರು ಹೇಳುವುದಿಲ್ಲ. ಕುಡಿದವನಿಗೂ ಲಕ್ವಾ ಹೊಡೆಯುತ್ತದೆ. ಕುಡಿದು ಬಿದ್ದು ತಲೆಯೊಳಗೆ ರಕ್ತ ಸೋರುತ್ತಿರಬಹುದು. ಊಟ ಇಲ್ಲದೆ ಕುಡಿದು ಸಕ್ಕರೆ ಪಾತಾಳಕ್ಕೆ ಇಳಿದಿರಬಹುದು. ಮೈಯೊಳಗಿನ ಶಾಖವೇ ಇಳಿದಿರಬಹುದು. ನಾಲ್ಕರಲ್ಲೂ ಮಾತು ತೊದಲುತ್ತದೆ, ನಡಿಗೆ ತೂರಾಡುತ್ತದೆ, ಮನುಷ್ಯ ಬೈಯುತ್ತಾನೆ. ವಾಸನೆ ನೋಡಿ ಮೋಸ ಹೋಗುವುದು ಆಸ್ಪತ್ರೆಯ ಒಳಗೂ ಇದೆ. ಬೀದಿ ದೀಪದ ಬೆಳಕಲ್ಲಿ ನಿಮಗೆ ಗೊತ್ತಾಗಲಿಲ್ಲ ಅಂದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಇನ್ನು ಮುಂದೆ ಹೀಗೆ ಮಾಡಿ. ಮಲಗಿದವರನ್ನು ಕಾಲ ಕಡೆಯಿಂದ, ಸ್ವಲ್ಪ ದೂರ ನಿಂತು ಕೂಗಿ ಎಬ್ಬಿಸಿ. ಟಾರ್ಚನ್ನು ಮುಖಕ್ಕೆ ಬಿಡಬೇಡಿ. ರಾತ್ರಿ ಹೊತ್ತು ಮುಖಕ್ಕೆ ಬೆಳಕು ಬಿಡುವವರು ಪೊಲೀಸರು ಇಲ್ಲಾ ಕಳ್ಳರು, ಅವರ ಅನುಭವದಲ್ಲಿ. ಎದ್ದರೆ ಹೆಸರು ಕೇಳಿ, ಇದು ಯಾವ ಊರು ಅಂತ ಕೇಳಿ. ಎರಡೂ ಕೈ ಮೇಲೆತ್ತಲು ಹೇಳಿ. ಒಂದು ಕೈ ಇಳಿಬಿದ್ದರೆ, ನಗು ಒಂದು ಕಡೆಗೆ ಸೊಟ್ಟಗಾದರೆ, ತಕ್ಷಣ 108. ಲಕ್ವಾದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು ಇದೆ. ಆ ಗಂಟೆ ಲೆಕ್ಕ ಹಾಕುವುದು ಮನುಷ್ಯ ಕೊನೆಗೆ ಯಾವಾಗ ಚೆನ್ನಾಗಿದ್ದ ಅನ್ನುವುದರಿಂದ. ಬೀದಿಯಲ್ಲಿ ಇರುವವರ ವಿಷಯದಲ್ಲಿ ಅದನ್ನು ಹೇಳುವವರೇ ಇರುವುದಿಲ್ಲ. "ಒಂಬತ್ತೂ ಮುಕ್ಕಾಲಿಗೆ ನಮ್ಮ ಜೊತೆ ಚಹಾ ಕುಡಿದರು, ಚೆನ್ನಾಗಿ ಮಾತಾಡಿದರು" ಅಂತ ನಿಮ್ಮ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಇದ್ದರೆ ನನ್ನಂಥ ಡಾಕ್ಟರಿಗೆ ಅದಕ್ಕಿಂತ ದೊಡ್ಡ ಸಹಾಯ ಇಲ್ಲ.

ಎಬ್ಬಿಸಿದರೂ ಏಳದಿದ್ದರೆ, ಗೊರಕೆಯಂಥ ಶಬ್ದ ಬರುತ್ತಿದ್ದರೆ, ಕುಡಿದು ಮಲಗಿದ್ದಾರೆ ಬಿಡು ಅನ್ನಬೇಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ವಾಂತಿ ಗಂಟಲಿಗೆ ಹೋಗದ ಹಾಗೆ. ಬಾಯಿಗೆ ಏನೂ ಹಾಕಬೇಡಿ, ನೀರೂ ಬೇಡ. 108 ಬರುವ ತನಕ ಅಲ್ಲೇ ಇರಿ.

ಈಗ ಚಳಿಯ ಮಾತು. ದಾವಣಗೆರೆಯಲ್ಲಿ ಅಂಥಾ ಚಳಿ ಎಲ್ಲಿದೆ, ಇದೇನು ಕಾಶ್ಮೀರವಾ ಅಂತ ಕೇಳುವವರು ಬಹಳ. ಡಿಸೆಂಬರ್, ಜನವರಿ ಬೆಳಗಿನ ಜಾವ ನಮ್ಮಲ್ಲಿ 15 ಡಿಗ್ರಿ ಆಸುಪಾಸು ಇರುತ್ತದೆ, ಕೆಲವು ದಿನ ಅದಕ್ಕಿಂತ ಕೆಳಗೆ ಹೋಗುತ್ತದೆ. ಮನೆಯೊಳಗೆ ಹೊದ್ದು ಮಲಗಿದವರಿಗೆ ಅದು ಸುಖದ ಚಳಿ. ಆದರೆ ಮೈಯೊಳಗಿನ ಶಾಖ 35 ಡಿಗ್ರಿಗಿಂತ ಕೆಳಗಿಳಿಯಲು ಹೊರಗೆ ಹಿಮ ಬೀಳಬೇಕಾಗಿಲ್ಲ. ಬಟ್ಟೆ ಒದ್ದೆ, ಮೇಲೆ ಗಾಳಿ, ಕೆಳಗೆ ಬರೀ ಸಿಮೆಂಟು, ಹೊಟ್ಟೆಯಲ್ಲಿ ಏನಿಲ್ಲ, ವಯಸ್ಸು ಅರವತ್ತು ದಾಟಿದೆ, ಜೊತೆಗೆ ಹೆಂಡ. ಇಷ್ಟು ಸೇರಿದರೆ 15 ಡಿಗ್ರಿಯೂ ಸಾಕು. ಅದಕ್ಕೇ ನಾನು ಹೆದರುವುದು ಒಣ ಚಳಿಗಿಂತ, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಎರಡು ಮೂರು ದಿನ ಜಿಟಿಜಿಟಿ ಮಳೆ ಹಿಡಿಯುತ್ತದಲ್ಲ, ಆ ರಾತ್ರಿಗಳಿಗೆ. ವಾರಕ್ಕೆ ಎರಡೇ ರಾತ್ರಿ ಹೋಗಲು ಆಗುವುದಾದರೆ ಮಳೆ ಬಂದ ರಾತ್ರಿ ಹೋಗಿ. ಮಳೆ ಅಂತ ಕಾರ್ಯಕ್ರಮ ಕ್ಯಾನ್ಸಲ್ ಮಾಡುವ ರೂಢಿ ಇದ್ದರೆ ಅದನ್ನು ಬಿಡಿ.

ನಡುಗುತ್ತಿರುವವರನ್ನು ನೋಡಿ ಗಾಬರಿ ಆಗುತ್ತದೆ. ಆದರೆ ನಡುಕ ಒಳ್ಳೆಯ ಲಕ್ಷಣ, ಮೈ ಇನ್ನೂ ಹೋರಾಡುತ್ತಿದೆ ಅಂತ. ಶಾಖ 32 ಡಿಗ್ರಿ ಹತ್ತಿರ ಬಂದರೆ ನಡುಕ ನಿಂತುಹೋಗುತ್ತದೆ. ಮಾತು ನಿಧಾನ ಆಗುತ್ತದೆ, ಬೆರಳು ಹೇಳಿದ ಮಾತು ಕೇಳುವುದಿಲ್ಲ. ಕೆಲವರು ಸೆಕೆ ಅಂತ ಬಟ್ಟೆ ಬಿಚ್ಚಿ ಎಸೆಯುತ್ತಾರೆ. ಜನ ಹುಚ್ಚು ಅಂದುಕೊಳ್ಳುತ್ತಾರೆ. ಕೈಕಾಲು ಮುಟ್ಟಿ ನೋಡಿದರೆ ಏನೂ ತಿಳಿಯುವುದಿಲ್ಲ, ಚಳಿಗಾಲದಲ್ಲಿ ಎಲ್ಲರ ಕೈಯೂ ತಣ್ಣಗೇ. ಅನುಮತಿ ಕೇಳಿ ಅಂಗಿಯ ಒಳಗೆ ಹೊಟ್ಟೆಯ ಮೇಲೆ ನಿಮ್ಮ ಅಂಗೈಯ ಹಿಂಭಾಗ ಇಟ್ಟು ನೋಡಿ. ಹೊಟ್ಟೆ ತಣ್ಣಗಿದ್ದರೆ ಅದು ಆಸ್ಪತ್ರೆಯ ಕೇಸು. ಇನ್ನೊಂದು ಸುಲಭದ ದಾರಿ ನಿಮ್ಮ ಕೈಯಲ್ಲೇ ಇದೆ, ಚಹಾದ ಲೋಟ. ಅವರೇ ಹಿಡಿದುಕೊಳ್ಳಲಿ. ಬೆರಳು ಮಡಚದೆ ಲೋಟ ಜಾರುತ್ತಿದ್ದರೆ, ಬಾಯಿಯ ದಾರಿ ತಪ್ಪುತ್ತಿದ್ದರೆ, ಚಹಾ ವಾಪಸ್ ತಗೊಂಡು ಫೋನ್ ತೆಗೆಯಿರಿ.

ಆಂಬ್ಯುಲೆನ್ಸ್ ಬರುವ ತನಕ ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ಹೊದಿಸಿ. ಮೊದಲು ಎದೆ, ಹೊಟ್ಟೆ, ತಲೆ. ಕೈಕಾಲು ಉಜ್ಜಬೇಡಿ, ಬಿಸಿನೀರು ಸುರಿಯಬೇಡಿ, ಬೆಂಕಿಯ ಹತ್ತಿರ ಎಳೆಯಬೇಡಿ. ತಣ್ಣಗಾದ ಹೃದಯಕ್ಕೆ ಒರಟು ಅಲುಗಾಟವೇ ಅಪಾಯ. ನಿಧಾನಕ್ಕೆ ಎತ್ತಿ.

ಬ್ರಾಂದಿ ಬೇಡ. ಗುಟುಕೂ ಬೇಡ. ಕುಡಿದರೆ ಚರ್ಮದ ರಕ್ತನಾಳ ಅಗಲ ಆಗುತ್ತವೆ, ಒಳಗಿನ ಬಿಸಿ ರಕ್ತ ಮೇಲಕ್ಕೆ ಬರುತ್ತದೆ, ಬೆಚ್ಚಗಾಯಿತು ಅನಿಸುತ್ತದೆ. ಆ ಬಿಸಿ ಅಲ್ಲಿಂದ ಗಾಳಿಗೆ ಹೋಗುತ್ತದೆ. ನಡುಕವೂ ಕಮ್ಮಿ ಆಗುತ್ತದೆ, ಸಕ್ಕರೆಯೂ ಇಳಿಯುತ್ತದೆ. ನಿಮ್ಮ ಹಿರಿಯರು ಪ್ರೀತಿಯಿಂದಲೇ ಹೇಳಿದ್ದಾರೆ, ಆದರೆ ಈ ಮಾತು ತಪ್ಪು. ಇದರ ಇನ್ನೊಂದು ಬದಿಯೂ ಇದೆ. ದಿನಾ ಕುಡಿಯುವವರಿಗೆ ಇವತ್ತೇ ಬಿಡಿ, ದೇವರ ಮೇಲೆ ಆಣೆ ಮಾಡಿ ಅಂತ ಹೇಳಬೇಡಿ. ವರ್ಷಗಟ್ಟಲೆ ಕುಡಿದ ಮೈಗೆ ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಮೂರು ನಾಲ್ಕನೇ ದಿನಕ್ಕೆ ಕೈ ನಡುಗಿ, ಇಲ್ಲದ್ದು ಕಂಡು, ಜೀವಕ್ಕೇ ಬರಬಹುದು. ಬಿಡಬೇಕು ಅಂತ ಅವರೇ ಹೇಳಿದರೆ ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿ ಬಿಡುವುದು ಸರಿ. ಪ್ರಾರ್ಥನಾ ಕೂಟದಲ್ಲಿ ಬಿಡಿಸಲು ಹೋಗಬೇಡಿ.

ರಗ್ಗು ಎಲ್ಲಿ ಹೋಯಿತು? ಕೆಲವರು ಮಾರಿರುತ್ತಾರೆ, ಅದು ಸುಳ್ಳಲ್ಲ. ಆದರೆ ಅದೊಂದೇ ಕಾರಣ ಅಂದುಕೊಂಡರೆ ಬೀದಿಯ ಬದುಕು ಗೊತ್ತಿಲ್ಲ ಅಂತ ಆಗುತ್ತದೆ. ಹಗಲು ಹೊತ್ತು ಆ ರಗ್ಗನ್ನು ಎಲ್ಲಿಡುತ್ತಾರೆ? ಬೀಗ ಹಾಕುವ ಜಾಗ ಇಲ್ಲ. ಎಪಿಎಂಸಿಯಲ್ಲಿ ಮೂಟೆ ಹೊರುವವನು, ಹೋಟೆಲ್ಲಿನಲ್ಲಿ ಪಾತ್ರೆ ತೊಳೆಯುವವನು ಅದನ್ನು ಹೊತ್ತುಕೊಂಡು ಕೆಲಸಕ್ಕೆ ಹೋಗಲು ಆಗುತ್ತದಾ? ಹೊರಗೆ ಮಲಗುವವರಲ್ಲಿ ದುಡಿಯುವವರು ಬಹಳ ಜನ ಇದ್ದಾರೆ, ಎಲ್ಲರೂ ಭಿಕ್ಷುಕರಲ್ಲ. ಅಂಗಡಿ ಬಾಗಿಲು ಎತ್ತುವ ಹೊತ್ತಿಗೆ ಜಾಗ ಖಾಲಿ ಮಾಡಬೇಕು. ಮೂಲೆಯಲ್ಲಿ ಸುತ್ತಿಟ್ಟದ್ದು ಕಸದ ಗಾಡಿಗೆ ಹೋಗುತ್ತದೆ. ಇನ್ನೊಬ್ಬರು ಕದಿಯುತ್ತಾರೆ. ಮಳೆಗೆ ನೆನೆದು ಭಾರ ಆದರೆ ಬಿಟ್ಟು ಹೋಗುತ್ತಾರೆ. ಮೇಲಾಗಿ ಡಿಸೆಂಬರ್‌ನಲ್ಲಿ ನೀವೊಬ್ಬರೇ ಅಲ್ಲವಲ್ಲ. ಹುಟ್ಟುಹಬ್ಬಕ್ಕೆ ಕೊಡುವವರು, ಸಂಘ ಸಂಸ್ಥೆಯವರು, ಫೋಟೋಗೆ ಕೊಡುವವರು ಎಲ್ಲ ರೈಲ್ವೆ ಸ್ಟೇಷನ್ ಮುಂದೆಯೇ ನಿಲ್ಲುತ್ತಾರೆ. ಒಬ್ಬನಿಗೆ ಮೂರು ರಗ್ಗು ಬಂದರೆ ಎರಡು ಮಾರುತ್ತಾನೆ. ನಾನಾದರೂ ಮಾರುತ್ತೇನೆ.

ಕೊಡುವುದೇ ಆದರೆ ಮೇಲೆ ಹೊದೆಯುವುದಕ್ಕಿಂತ ಕೆಳಗೆ ಹಾಸುವುದಕ್ಕೆ ಮೊದಲು ದುಡ್ಡು ಹಾಕಿ. ಮಲಗಿದವನ ಶಾಖವನ್ನು ನೆಲ ಎಳೆಯುತ್ತದೆ. ಮಂಡಿಪೇಟೆಯಲ್ಲಿ ಗೋಣಿಚೀಲಕ್ಕೆ ಬರಗಾಲ ಇಲ್ಲ. ದಪ್ಪ ರಟ್ಟು, ಮೇಲೆ ಗೋಣಿ, ಮಳೆ ಇದ್ದರೆ ಕೆಳಗೊಂದು ಪ್ಲಾಸ್ಟಿಕ್ ಹಾಳೆ. ಇದನ್ನು ಯಾರೂ ಕದಿಯುವುದಿಲ್ಲ, ಮಾರಿದರೂ ಕಾಸು ಹುಟ್ಟುವುದಿಲ್ಲ. ಜೊತೆಗೆ ಮಂಕಿ ಕ್ಯಾಪು, ಒಣ ಕಾಲುಚೀಲ. ಹೊದಿಕೆಯಲ್ಲಿ ಚಳ್ಳಕೆರೆ ಕಡೆಯ ಕುರಿ ಉಣ್ಣೆ ಕಂಬಳಿಗೆ ಸಮ ಯಾವುದೂ ಇಲ್ಲ. ಸ್ವಲ್ಪ ನೆನೆದರೂ ಬೆಚ್ಚಗಿಡುತ್ತದೆ, ಕಿಡಿ ಬಿದ್ದರೆ ಭಗ್ಗನೆ ಹತ್ತಿಕೊಳ್ಳುವುದಿಲ್ಲ. ಬೆಲೆ ಜಾಸ್ತಿ, ಕಳ್ಳರ ಕಣ್ಣೂ ಬೀಳುತ್ತದೆ. ಹಾಗಾಗಿ ತೀರಾ ವಯಸ್ಸಾದವರಿಗೆ, ಒಂದೇ ಜಾಗದಲ್ಲಿ ಇರುವವರಿಗೆ ಮಾತ್ರ ಕೊಡಿ. ಮೆತ್ತಗೆ ನುಣ್ಣಗೆ ಇರುವ ಅಗ್ಗದ ಪಾಲಿಯೆಸ್ಟರ್ ರಗ್ಗುಗಳ ಬಗ್ಗೆ ನನಗೆ ಭಯ ಇದೆ. ಬೆಂಕಿ ತಗುಲಿದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಚಳಿಗಾಲದಲ್ಲಿ ಬೀದಿಯಿಂದ ಬರುವ ಸುಟ್ಟ ಗಾಯಗಳಲ್ಲಿ ಒಂದು ನಮೂನೆ ಇದೆ. ಟಯರು, ಕಾಗದ ಹಾಕಿ ಬೆಂಕಿ ಮಾಡಿಕೊಂಡು ಪಕ್ಕದಲ್ಲೇ ಮಲಗುತ್ತಾರೆ. ಫಿಟ್ಸ್ ಇರುವವರು, ಕುಡಿದವರು ನಿದ್ದೆಯಲ್ಲಿ ಹೊರಳುತ್ತಾರೆ. ಅಂಗಡಿಯ ಷಟರ್ ಒಳಗೆ, ಮುಚ್ಚಿದ ಶೆಡ್ಡಿನೊಳಗೆ ಇದ್ದಿಲು ಉರಿಸಿದರೆ ಇನ್ನೂ ಕೆಟ್ಟದ್ದು. ಇಂಗಾಲದ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಹೋಗುತ್ತಾರೆ.

ಅಜ್ಜ ಕಲ್ಲು ತಗೊಂಡದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಅವರ ಕಡೆಯಿಂದ ನೋಡಿ. ರಾತ್ರಿ ನಾಲ್ಕಾರು ಜನ ಬಂದು ಗಾಡಿ ಹತ್ತು ಅನ್ನುತ್ತಾರೆ. ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಭಿಕ್ಷುಕರ ಕರ ಅಂತ ಶೇಕಡಾ 3 ಹೋಗುತ್ತದೆ, ಅದರಿಂದ ನಿರಾಶ್ರಿತರ ಪರಿಹಾರ ಕೇಂದ್ರಗಳು ನಡೆಯುತ್ತವೆ. ನಮ್ಮಲ್ಲಿ ತುರ್ಚಘಟ್ಟದಲ್ಲಿ ಇರುವುದು ಅಂಥದ್ದೇ. ಈ ಕಾಯ್ದೆಯಲ್ಲಿ ಭಿಕ್ಷೆ ಬೇಡುವವರನ್ನು ಹಿಡಿದು ಕರೆದೊಯ್ಯಲು, ಆದೇಶದ ಮೇಲೆ ಬಹಳ ಕಾಲ ಇಡಲು ಅವಕಾಶ ಇದೆ. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಹಲವರು ಸತ್ತದ್ದು ರಾಜ್ಯಕ್ಕೆಲ್ಲ ಸುದ್ದಿ ಆಗಿತ್ತು. ಆ ಸುದ್ದಿ ಓದಿದವರು ಮರೆತಿರಬಹುದು, ಬೀದಿಯಲ್ಲಿ ಇರುವವರು ಗಾಡಿ ಕಂಡರೆ ಇವತ್ತಿಗೂ ಓಡುತ್ತಾರೆ.

ನಗರದ ವಸತಿರಹಿತರ ಆಶ್ರಯ ಕೇಂದ್ರ ಬೇರೆ, ಅದು ಹಿಡಿದಿಡುವ ಜಾಗ ಅಲ್ಲ. ರಾತ್ರಿ ಬಂದು ಮಲಗಿ ಬೆಳಗ್ಗೆ ಹೋಗಬಹುದು. ಲಕ್ಷ ಜನಸಂಖ್ಯೆಗೆ ನೂರು ಜನ ತಂಗುವ ವ್ಯವಸ್ಥೆ ಇರಬೇಕು ಅಂತ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಲ್ಲಿತ್ತು. 2011ರ ಜನಗಣತಿಯಲ್ಲೇ ದಾವಣಗೆರೆ ನಗರ 4 ಲಕ್ಷ ದಾಟಿತ್ತು. ಲೆಕ್ಕ ನೀವೇ ಹಾಕಿ, ಮಹಾನಗರ ಪಾಲಿಕೆಗೆ ಹೋಗಿ ಕೇಳಿ. ಆದರೆ ಒಬ್ಬರನ್ನು ಕರೆಯುವ ಮುಂಚೆ ಹಗಲು ಹೊತ್ತು ನೀವೇ ಆ ಕೇಂದ್ರ ನೋಡಿ ಬನ್ನಿ. ಕುಡಿದವರನ್ನು ಒಳಗೆ ಬಿಡುತ್ತಾರಾ, ಹೆಂಗಸರಿಗೆ ಬೇರೆ ಕೋಣೆ ಇದೆಯಾ, ಗಂಟು ಮೂಟೆ ಇಡಲು ಬೀಗ ಇದೆಯಾ, ಆಧಾರ್ ಕೇಳುತ್ತಾರಾ. ಅಜ್ಜ ಕೇಳುವ ಪ್ರಶ್ನೆಯೂ ಇವೇ. ಉತ್ತರ ನಿಮ್ಮ ಹತ್ತಿರ ಇದ್ದರೆ ನಾಲ್ಕನೇ ಸಲಕ್ಕೋ ಐದನೇ ಸಲಕ್ಕೋ ಬಂದಾರು. ಬರದಿದ್ದರೆ ಅಲ್ಲೇ ಗೋಣಿ ಹಾಸಿ ಕೊಡಿ. ಬುದ್ಧಿ ನೆಟ್ಟಗಿರುವ ಮನುಷ್ಯನಿಗೆ ಬೇಡ ಅನ್ನುವ ಹಕ್ಕಿದೆ.

ಬುದ್ಧಿ ಸ್ಥಿಮಿತದಲ್ಲಿ ಇಲ್ಲದವರ ವಿಷಯ ಬೇರೆ. ಬೆಂಗಳೂರು, ಹುಬ್ಬಳ್ಳಿ ನಡುವಿನ ರೈಲು ದಾರಿಯಲ್ಲಿ ಇರುವುದರಿಂದ ನಮ್ಮ ಸ್ಟೇಷನ್ನಿನಲ್ಲಿ ಎಲ್ಲಿಂದಲೋ ಹತ್ತಿ ಬಂದು ಇಳಿದವರು ಸಿಗುತ್ತಾರೆ. ಜಡೆಗಟ್ಟಿದ ಕೂದಲು, ಮೈಮೇಲೆ ನಾಲ್ಕು ಅಂಗಿ, ತನ್ನಷ್ಟಕ್ಕೆ ಮಾತು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ ಇಂಥವರನ್ನು ರಕ್ಷಿಸಿ 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ತಲುಪಿಸುವುದು ಪೊಲೀಸರ ಕರ್ತವ್ಯ. ಲಾಕಪ್ಪಿನಲ್ಲಿ ಇಡುವ ಹಾಗಿಲ್ಲ. ಮನೆ ಪತ್ತೆ ಇಲ್ಲದಿದ್ದರೆ ಕಾಣೆಯಾದವರು ಅಂತ ಎಫ್‌ಐಆರ್ ಮಾಡಬೇಕು. ಈ ಸೆಕ್ಷನ್ ಠಾಣೆಯಲ್ಲಿ ಎಲ್ಲರಿಗೂ ಬಾಯಿಪಾಠ ಇರುವುದಿಲ್ಲ. ಜಗಳ ಮಾಡದೆ ಒಂದು ಹಾಳೆಯಲ್ಲಿ ಬರೆದು ಕೊಟ್ಟು, ಸ್ವೀಕೃತಿ ತಗೊಳ್ಳಿ. ರಾತ್ರಿ ಹೇಗೆ ಮಾತಾಡಿಸಬೇಕು ಅಂತ ಗೊತ್ತಾಗದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ. ಇವರಿಗೆ ವಾಪಸ್ ಹೋಗಲು ಮನೆಯೇ ಇಲ್ಲ ಅಂದುಕೊಳ್ಳಬೇಡಿ. ಮಹಾರಾಷ್ಟ್ರದ ಕರ್ಜತ್‌ನಲ್ಲಿ ಡಾಕ್ಟರ್ ಭರತ್ ವಟವಾನಿ ಅವರ ಸಂಸ್ಥೆ ಬೀದಿಯಲ್ಲಿ ಸಿಕ್ಕ ಸಾವಿರಾರು ಮಾನಸಿಕ ರೋಗಿಗಳಿಗೆ ಚಿಕಿತ್ಸೆ ಕೊಟ್ಟು ಊರಿಗೆ ತಲುಪಿಸಿದೆ. ಅದಕ್ಕೇ 2018ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮಾತ್ರೆ ಹಿಡಿದ ಮೇಲೆ ಊರಿನ ಹೆಸರು ನೆನಪಾಗುತ್ತದೆ. ಒಡಿಯಾ, ತೆಲುಗು, ಬಂಗಾಳಿ ಬಲ್ಲವರು ನಿಮ್ಮ ಪರಿಚಯದಲ್ಲಿ ಇದ್ದರೆ ಅವರ ನಂಬರ್ ಇಟ್ಟುಕೊಳ್ಳಿ.

ಚರ್ಚಿನ ಹಾಲ್‌ನಲ್ಲೇ ನಾಲ್ಕು ಜನರನ್ನು ಇಟ್ಟುಕೊಳ್ಳೋಣ ಅಂತ ಗುಂಪಿನಲ್ಲಿ ಯಾರಿಗಾದರೂ ಅನಿಸಬಹುದು. ಜಡಿಮಳೆಯ ಒಂದು ರಾತ್ರಿಗೆ ಫಾದರ್ ಒಪ್ಪಿದರೆ, ಠಾಣೆಗೆ ತಿಳಿಸಿ, ಗಂಡು ಹೆಣ್ಣು ಬೇರೆ ಬೇರೆ ಮಾಡಿ ಇಡಬಹುದು. ಅದನ್ನೇ ಆಶ್ರಮ ಮಾಡಲು ಹೋಗಬೇಡಿ. ಮಾನಸಿಕ ರೋಗಿಗಳನ್ನು ಇಟ್ಟುಕೊಂಡು ನೋಡಿಕೊಳ್ಳುವ ಯಾವ ಜಾಗಕ್ಕಾದರೂ ಕಾಯ್ದೆ ಪ್ರಕಾರ ನೋಂದಣಿ ಬೇಕು. ಒಳ್ಳೆಯ ಮನಸ್ಸಿನಿಂದ ಶುರುವಾಗಿ ಕೊನೆಗೆ ಸರಪಳಿ ಹಾಕುವ ತನಕ ಹೋದ ಜಾಗಗಳು ಎಲ್ಲಾ ಧರ್ಮದವರಲ್ಲೂ ಇವೆ.

ನೀವು ಹೊಸದಾಗಿ ಒಂದು ಕೆಲಸ ಶುರು ಮಾಡುವುದಾದರೆ ಯಾವುದು ಅಂತ ನನ್ನ ಕೇಳಿದರೆ, ಅಟೆಂಡರ್ ಕೆಲಸ. ರೋಗಿಯ ಜೊತೆಗೆ ಇರುವವರು. ನಮ್ಮ ಆಸ್ಪತ್ರೆಗಳು ನಡೆಯುವುದೇ ರೋಗಿಯ ಕಡೆಯವರ ಮೇಲೆ. ಚೀಟಿ ಮಾಡಿಸುವುದು, ರಕ್ತ ಲ್ಯಾಬಿಗೆ ಒಯ್ಯುವುದು, ಎಕ್ಸ್‌ರೇಗೆ ಸ್ಟ್ರೆಚರ್ ತಳ್ಳುವುದು, ಊಟ ಮಾಡಿಸುವುದು ಎಲ್ಲ ಅವರೇ. ಕಡೆಯವರಿಲ್ಲದ ರೋಗಿ ಕಾರಿಡಾರಿನಲ್ಲಿ ಕಾಯುತ್ತಾನೆ. ನರ್ಸುಗಳು ಕೆಟ್ಟವರಲ್ಲ, ಒಬ್ಬರಿಗೆ ಮೂವತ್ತು ಹಾಸಿಗೆ. ತುರ್ತು ಚಿಕಿತ್ಸೆ ಮೊದಲು, ಪೊಲೀಸ್ ಪ್ರಕ್ರಿಯೆ ಆಮೇಲೆ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ನಾವು ತಂದು ಸೇರಿಸಿದರೆ ಕೇಸ್ ನಮ್ಮ ತಲೆಗೆ ಬರುತ್ತದೆ ಅನ್ನುವ ಭಯ ಬೇಡ. ನಿಮ್ಮ ಹೆಸರು, ಫೋನ್ ನಂಬರ್, ಎಲ್ಲಿ ಯಾವಾಗ ಸಿಕ್ಕರು ಅನ್ನುವುದಷ್ಟು ಬರೆಸಿ. ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಒಬ್ಬರನ್ನು ಸೇರಿಸಿದ ಮೇಲೆ ಬೆಳಗ್ಗೆ ಇಬ್ಬರು, ಸಂಜೆ ಇಬ್ಬರು ಪಾಳಿ ಹಾಕಿಕೊಂಡು ಒಂದು ವಾರ ನಿಂತರೆ ಅದು ನೂರು ರಗ್ಗಿಗೆ ಸಮ. ರೋಗಿಗಳನ್ನು ಭೇಟಿ ಮಾಡುವ ರೂಢಿ ನಿಮ್ಮ ಚರ್ಚಿನಲ್ಲಿ ಹೇಗೂ ಇದ್ದೇ ಇದೆ.

ಹಗಲಿನ ಕೆಲಸಕ್ಕೆ ಇನ್ನೆರಡು ಸುಳಿವು ಕೊಡುತ್ತೇನೆ. ಎರಡು ವಾರ ದಾಟಿದ ಕೆಮ್ಮು ಕಂಡರೆ ಕಫ ಪರೀಕ್ಷೆಗೆ ಕರೆದುಕೊಂಡು ಹೋಗಿ. ಕ್ಷಯಕ್ಕೆ ಪರೀಕ್ಷೆಯೂ ಔಷಧಿಯೂ ಉಚಿತ. 2024ರ ನವೆಂಬರ್‌ನಿಂದ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ಇದೆ, ಆದರೆ ಬ್ಯಾಂಕ್ ಖಾತೆ ಬೇಕು. ಖಾತೆ ಮಾಡಿಸುವ ಓಡಾಟಕ್ಕೂ ನೀವೇ ಬೇಕಾಗುತ್ತದೆ. ಎರಡನೆಯದು ಕಾಲು. ಚಳಿಯಲ್ಲೂ ಒಂದು ಪಾದವನ್ನು ರಗ್ಗಿನಿಂದ ಹೊರಗೆ ಚಾಚಿ ಮಲಗಿದವರನ್ನು ನೋಡಿದ್ದೀರಾ? ಬಟ್ಟೆ ತಗುಲಿದರೆ ಉರಿ ಅಂತ ಹಾಗೆ ಮಲಗುತ್ತಾರೆ. ಸುತ್ತಿದ ಬಟ್ಟೆ ಬಿಚ್ಚಿದರೆ ಹುಣ್ಣು, ಕೆಲವು ಸಲ ಹುಳ. ಸಕ್ಕರೆ ಕಾಯಿಲೆಯೋ, ಹಳೆಯ ಕುಷ್ಠವೋ, ಬರೀ ಗಾಯವೋ ಡಾಕ್ಟರ್ ನೋಡಿ ಹೇಳಬೇಕು. ವಾಸನೆಗೆ ಮುಖ ತಿರುಗಿಸದೆ ಇರುವುದನ್ನು ಅಭ್ಯಾಸ ಮಾಡಿಕೊಳ್ಳಿ. ಅದು ಬರುತ್ತದೆ.

ಹೆಂಗಸರು ನಿಮಗೆ ಕಮ್ಮಿ ಕಂಡಿರಬೇಕು. ಇಲ್ಲ ಅಂತಲ್ಲ, ಅವರು ಕಾಣಿಸಿಕೊಳ್ಳುವುದಿಲ್ಲ. ಎಟಿಎಂ ಬೆಳಕಲ್ಲಿ, ಟಿಕೆಟ್ ಕೌಂಟರ್ ಹತ್ತಿರ ಗಂಟಿನ ಮೇಲೆ ಕೂತೇ ತೂಕಡಿಸುತ್ತಾರೆ. ಹಗಲು ಮಲಗುತ್ತಾರೆ. ಅವರ ಹತ್ತಿರ ನೀವು ಹುಡುಗಿಯರೇ ಹೋಗಿ, ಹುಡುಗರು ಹಿಂದೆ ನಿಲ್ಲಲಿ. ಪ್ಯಾಡು, ಒಳಬಟ್ಟೆ ಕವರಿನಲ್ಲಿ ಹಾಕಿ ಕೊಡಿ. ಅಪಾಯ ಅನಿಸಿದರೆ ಮಹಿಳಾ ಸಹಾಯವಾಣಿ 181, ಮಕ್ಕಳಿದ್ದರೆ 1098, ವಯಸ್ಸಾದವರಿಗೆ 14567.

ಇನ್ನು ಶುಭಸಂದೇಶದ ಪುಸ್ತಕ, ಬೈಕಿನ ಹುಡುಗರು. ನಾನು ಚರ್ಚಿಗೆ ಹೋಗುವವನಲ್ಲ, ಲಿಂಗಾಯತರ ಮನೆಯಲ್ಲಿ ಬೆಳೆದವನು. ನೀವು ಯಾಕೆ ಹೋಗುತ್ತೀರಿ ಅನ್ನುವುದು ನನಗೆ ಅರ್ಥ ಆಗುತ್ತದೆ, ದಾಸೋಹದ ಊರಲ್ಲಿ ಇದನ್ನು ವಿವರಿಸಬೇಕಾಗಿಲ್ಲ. ಆದರೆ ರಗ್ಗಿನ ಜೊತೆ ಪುಸ್ತಕ ಬೇಡ. ಮೊದಲ ಕಾರಣ ಕಾಯ್ದೆ ಅಲ್ಲ. ಚಳಿಯಲ್ಲಿ ನಡುಗುವವನು ನೀವು ಏನು ಕೊಟ್ಟರೂ ತಗೊಳ್ಳುತ್ತಾನೆ, ಏನು ಹೇಳಿದರೂ ಹೂಂ ಅನ್ನುತ್ತಾನೆ. ಆ ಹೂಂಗೆ ಏನು ಬೆಲೆ? ಎರಡನೆಯದು ಕಾಯ್ದೆ. 2022ರಲ್ಲಿ ರಾಜ್ಯದಲ್ಲಿ ಬಂದ, ಜನ ಮತಾಂತರ ನಿಷೇಧ ಕಾಯ್ದೆ ಅನ್ನುವ ಕಾನೂನಿನಲ್ಲಿ ಆಮಿಷ ಒಡ್ಡಿ ಮತಾಂತರ ಮಾಡುವುದು, ಹಾಗೆ ಪ್ರಯತ್ನಿಸುವುದು ಅಪರಾಧ. ಆಮಿಷದಲ್ಲಿ ಉಡುಗೊರೆ, ಹಣ, ವಸ್ತು ಎಲ್ಲ ಬರುತ್ತವೆ. ಶಿಕ್ಷೆ 3ರಿಂದ 5 ವರ್ಷ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಬುದ್ಧಿ ಸ್ಥಿಮಿತ ಇಲ್ಲದವರ ವಿಷಯದಲ್ಲಿ 10 ವರ್ಷದ ತನಕ. 2023ರ ಜೂನ್‌ನಲ್ಲಿ ಇದನ್ನು ರದ್ದು ಮಾಡಲು ಸಂಪುಟ ತೀರ್ಮಾನಿಸಿತು. ಸಂಪುಟದ ತೀರ್ಮಾನದಿಂದಲೇ ಕಾಯ್ದೆ ಹೋಗುವುದಿಲ್ಲ, ಸದನದಲ್ಲಿ ಆಗಬೇಕು. ಇದೆ ಅಂತಲೇ ಲೆಕ್ಕ ಹಿಡಿದು ನಡೆಯಿರಿ, ನಿಮ್ಮ ಪರಿಚಯದ ವಕೀಲರನ್ನೊಮ್ಮೆ ಕೇಳಿ. ಊಟ, ಹೊದಿಕೆ, ಔಷಧಿ ಕೊಡುವುದು ಯಾವ ಕಾನೂನಿನಲ್ಲೂ ತಪ್ಪಲ್ಲ.

ಹಾಗಂತ ನೀವು ಯಾರು ಅನ್ನುವುದನ್ನು ಮುಚ್ಚಿಡಬೇಡಿ. ಕೇಳಿದರೆ ಇಂಥ ಚರ್ಚಿನವರು ಅಂತ ಹೇಳಿ. ಮುಚ್ಚಿಟ್ಟರೆ ಅನುಮಾನ ಜಾಸ್ತಿ. ಯಾರಾದರೂ ತಾವಾಗಿ ನನಗೋಸ್ಕರ ಪ್ರಾರ್ಥನೆ ಮಾಡಮ್ಮ ಅಂದರೆ ಅಲ್ಲೇ ಎರಡು ಮಾತು ಪ್ರಾರ್ಥನೆ ಮಾಡಿ. ಮಾತ್ರೆ ಬಿಡಿ, ದೇವರು ವಾಸಿ ಮಾಡುತ್ತಾನೆ ಅನ್ನುವ ಮಾತು ಮಾತ್ರ ನಿಮ್ಮ ಗುಂಪಿನಲ್ಲಿ ಯಾರ ಬಾಯಲ್ಲೂ ಬರಬಾರದು. ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ 2003ರಲ್ಲಿ ಸ್ಟ್ರೀಟ್ ಪಾಸ್ಟರ್ಸ್ ಅಂತ ಚರ್ಚಿನವರ ಗುಂಪು ಶುರುವಾಯಿತು. ವಾರಾಂತ್ಯದ ರಾತ್ರಿ ಬೀದಿಯಲ್ಲಿ ಓಡಾಡುತ್ತಾರೆ, ಹೈ ಹೀಲ್ಸ್ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆಯುವ ಹುಡುಗಿಯರಿಗೆ ಹವಾಯಿ ಚಪ್ಪಲಿ ಕೊಡುತ್ತಾರೆ. ಉಪದೇಶಕ್ಕೆ ಹೋಗುವುದಿಲ್ಲ, ಕೇಳಿದರೆ ತಮ್ಮ ನಂಬಿಕೆಯ ಬಗ್ಗೆ ಮಾತಾಡುತ್ತಾರೆ, ಪೊಲೀಸರ ಜೊತೆ ಸೇರಿ ಕೆಲಸ ಮಾಡುತ್ತಾರೆ. ನಿಮಗೂ ಆ ದಾರಿ ಒಗ್ಗುತ್ತದೆ. ಹೋಗುವ ಮುಂಚೆ ಬಡಾವಣೆ ಠಾಣೆಗೋ ರೈಲ್ವೆ ಪೊಲೀಸರಿಗೋ ಯಾವ ರಾತ್ರಿ, ಎಷ್ಟು ಜನ, ಏನು ಕೊಡುತ್ತೇವೆ ಅಂತ ಬರೆದು ಕೊಡಿ. ಬೈಕಿನ ಹುಡುಗರು ಮತ್ತೆ ಬಂದರೆ ವಾದಕ್ಕೆ ನಿಲ್ಲಬೇಡಿ. ಬನ್ನಿ, ಈ ಅಜ್ಜನನ್ನು ಎತ್ತಲು ಒಂದು ಕೈ ಹಾಕಿ ಅನ್ನಿ. ಹಾಕುವವರೂ ಇರುತ್ತಾರೆ. ಕೈ ಮಾಡಿದರೆ 112ಕ್ಕೆ ಫೋನ್ ಮಾಡಿ. ಬೇರೆ ಯುವಕ ಸಂಘದವರು, ಮಸೀದಿ ಕಮಿಟಿಯವರು, ಮಠದ ಹುಡುಗರು ಯಾರಾದರೂ ಜೊತೆಗೆ ಬರುವ ಹಾಗಿದ್ದರೆ ಕರೆದುಕೊಳ್ಳಿ. ನೀವೂ ಫೋಟೋ ತೆಗೆಯಬೇಡಿ. ಮನೆ ಬಿಟ್ಟು ಬಂದವರ ಮುಖ ನಿಮ್ಮ ಸ್ಟೇಟಸ್‌ನಲ್ಲಿ ಅವರ ಮಗಳು ನೋಡುವುದು ಬೇಡ.

ಡಿಸೆಂಬರ್ 25ಕ್ಕೆ ನಿಲ್ಲಿಸುವುದು ಮಾತ್ರ ನನಗೆ ಸರಿ ಕಾಣುತ್ತಿಲ್ಲ. ಜನವರಿ ಪೂರ್ತಿ ಚಳಿ ಇರುತ್ತದೆ, ಆಗ ಕೊಡುವವರು ಕಮ್ಮಿ ಆಗಿರುತ್ತಾರೆ. ಹತ್ತು ಜನ ಒಟ್ಟಿಗೆ ಹೋಗುವ ಬದಲು ಮೂವರಂತೆ ಹೋಗಿ, ವಾರದ ಅದೇ ದಿನ, ಅದೇ ಹೊತ್ತು, ಅದೇ ಬೀದಿ, ಮಾರ್ಚ್ ತನಕ. ಬೇಸಿಗೆಯಲ್ಲಿ ಬಿಸಿಲಿನ ಹೊಡೆತ ಬೇರೆ ಇದೆ, ಅದನ್ನು ಆಗ ಮಾತಾಡೋಣ.

ಕ್ರಿಸ್ಮಸ್ ಕೇಕಿನ ಬಗ್ಗೆ ನೀವು ಕೇಳಿಲ್ಲ, ಆದರೂ ಕೊಟ್ಟೇ ಕೊಡುತ್ತೀರಿ ಅಂತ ಗೊತ್ತು. ಕೊಡಿ. ಮೊಟ್ಟೆ ಹಾಕಿದೆ ಅಂತ ಮೊದಲೇ ಹೇಳಿ, ಮೊಟ್ಟೆ ತಿನ್ನದವರಿಗೆ ಬೇರೆ ಏನಾದರೂ ಇಟ್ಟುಕೊಂಡಿರಿ. ಸಕ್ಕರೆ ಕಾಯಿಲೆ ಇದೆ ಅಂದವರಿಗೆ ಸಣ್ಣ ತುಂಡು.